ಮೊಮ್ಮಗಳ ನಡ, ನನ್ನ ಗೇಣು

ದುಂಡಗಿನ ವಸ್ತುಗಳ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಇದು! ಆದ್ದರಿಂದ, ಏಳನೇ ತರಗತಿಯ ಮೊಮ್ಮಗಳು ಗೌರಿ ಶಾಲೆಯ ಗ್ಯಾದರಿಂಗಿನಲ್ಲಿ ಕುಣಿಯಲು ಕೊಡೆಯಂತೆ ಅರಳುವ ಲಂಗ ಬೇಕೆಂದಾಗ, ಆ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಕುಣಿತಕ್ಕೆ ಎರಡೇ ದಿನ ಉಳಿದಿತ್ತು. ಸೊಸೆ ತನ್ನ ತವರಿನವರು ಕೊಟ್ಟ, ಒಮ್ಮೆಯೂ ಉಡದ ಹಸಿರು ಸೀರೆಯನ್ನು ತಂದಳು. ಆದರೆ ನನ್ನ ಕೈಗೆ ಕೊಡಲಿಲ್ಲ.

"ಅತ್ತಿ, ಬಾಜೂಮನಿ ಹುಸೇನಬಿ ಅವರ ಕಡೆ ಕತ್ತರಿಸ್ಕೊಂಡ ಬರ್ತೀನ್ರಿ. ದಿನಾ ಹೊಲಿಯೋರು ಅವ್ರು."

"ಯಾಕ? ನನ್ನ ಕೈಗೆ ಏನಾಗೈತಿ?"

ಸೀರೆ ನನ್ನ ವಶವಾಯಿತು.

ಗೌರಿಯ ನಡ ಅಳೆದೆ. ಸುತ್ತಳತೆ ಇಪ್ಪತ್ನಾಲ್ಕು ಇಂಚು. ಹಾಗಾದರೆ ಬಟ್ಟೆಯ ನಡುವೆ ಕತ್ತರಿಸುವ ದುಂಡು ಎಷ್ಟಗಲ ಇರಬೇಕು?

"ಆಯಿ, ಮೂರು ಪಾಯಿಂಟ್ ಒಂದು ನಾಕರಿಂದ ಭಾಗಿಸ್ಬೇಕು," ಎಂದಳು ಗೌರಿ.

"ಮೂರು ಸಾಕು ಬಿಡ. ಆ ಚಿಲ್ಲರಿ ಯಾಕ ಬೇಕು?"

ಈಚೆಗೆ ಟೈಪ್ ಮಾಡಲು ಕಲಿತ ಬೆರಳಿನಿಂದ ಫೋನಿನಲ್ಲೇ ಭಾಗಿಸಿದೆ. ಎಂಟು! ಎಂಟು ಇಂಚೆಂದರೆ ನನ್ನ ಕೈಯ ಸರಿಯಾಗಿ ಒಂದು ಗೇಣು. ದೇವರೇ ಅಳತೆಪಟ್ಟಿ ಕೊಟ್ಟಿರುವಾಗ ಟೇಪು ಯಾಕೆ?

ಬಟ್ಟೆಯನ್ನು ಚೌಕಾಗಿ ನಾಲ್ಕು ಮಡಿಕೆ ಮಾಡಿದೆ. ಮಡಿಕೆಯ ಮೂಲೆಯಿಂದ ಒಂದು ಗೇಣಿಟ್ಟೆ, ಸೀಮೆಸುಣ್ಣದಲ್ಲಿ ಕಮಾನಿನಂತೆ ಗೆರೆ ಎಳೆದೆ, ಕತ್ತರಿ ಆಡಿಸಿದೆ. ಕರ್ರ್!

ಗೌರಿ ಲಂಗವನ್ನು ತಲೆಯ ಮೇಲಿಂದ ಹಾಕಿಕೊಂಡಳು. ಅದು ಹೆಗಲಿಗೂ ತಾಗಲಿಲ್ಲ, ನಡಕ್ಕೂ ನಿಲ್ಲಲಿಲ್ಲ. ನೆಟ್ಟಗೆ ನೆಲಕ್ಕೆ ಹೋಗಿ ಕೂತಿತು.

ಸೊಸೆ ತವರಿನ ಸೀರೆಯನ್ನೇ ನೋಡುತ್ತಿದ್ದಳು. ಗೌರಿಯ ಕಣ್ಣಲ್ಲಿ ನೀರು.

"ನಾಡದ ಏನ್ ಉಟ್ಕೊಂಡು ಕುಣೀಲಿ ಆಯಿ?"

ಮರ್ಯಾದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೌರಿಯನ್ನು ಕರೆದುಕೊಂಡು ಹುಸೇನಬಿಯ ಮನೆಗೆ ಹೋದೆ. ಆಕೆ ಬಟ್ಟೆ ಬಿಡಿಸಿ ನೋಡಿ ನಕ್ಕಳು.

"ಅಕ್ಕಾ, ರೊಟ್ಟಿನ ಈ ದಂಡಿಯಿಂದ ಆ ದಂಡಿಗೆ ಅಳೀತೀರಿ, ಖರೆ. ಮಡಚಿದ ಅರಿವಿ ಮೂಲಿ ಅಂದ್ರ ದುಂಡಿನ ನಟ್ಟನಡುವ್ರಿ! ಅಲ್ಲಿಂದ ಅರ್ಧ ಗೇಣು ಸಾಕಿತ್ತು. ನೀವು ಪೂರಾ ಗೇಣು ಹೊಡ್ದೀರಿ. ಡಬಲ್ ಆಗೈತಿ!"

"ಡಬಲ್ ಅಂದ್ರ ನಲವತ್ತೆಂಟ?"

ಆಕೆ ಟೇಪು ಹಿಡಿದಳು. "ಐವತ್ತು."

ನಾನು ಬಿಸಾಕಿದ ಚಿಲ್ಲರೆ ಎರಡು ಇಂಚಾಗಿ ವಾಪಸು ಬಂದಿತ್ತು! ಹುಸೇನಬಿ ಅಷ್ಟಕ್ಕೇ ಬಿಡಲಿಲ್ಲ. ಅದೇ ಟೇಪನ್ನು ನನ್ನ ನಡಕ್ಕೆ ಸುತ್ತಿದಳು. ಐವತ್ತು.

"ಲೆಕ್ಕ ಬರೋಬ್ಬರಿ ಐತ್ರಿ ಅಕ್ಕಾ. ಕುಣಿಯೋದು ನೀವ ಆಗ್ಬೇಕಷ್ಟ!"

ಮರುದಿನ ಸಂಜೆಯೊಳಗೆ ಆಕೆ ನಡಕ್ಕೆ ಇಲಾಸ್ಟಿಕ್ ಹಾಕಿ, ನನ್ನ ದಯೆಯಿಂದ ನಾಲ್ಕು ಇಂಚು ಗಿಡ್ಡಾಗಿದ್ದ ಲಂಗದ ಕೆಳಗೆ ಸೀರೆಯ ಸೆರಗು ಜೋಡಿಸಿದಳು. ಗ್ಯಾದರಿಂಗಿನಲ್ಲಿ ಗೌರಿ ತಿರುಗಿದಾಗ ಇಡೀ ಕುಷ್ಟಗಿಯಲ್ಲೇ ಅಂಥ ಲಂಗ ಅರಳಿರಲಿಕ್ಕಿಲ್ಲ! ಹೊಲಿದವರು ಯಾರೆಂದು ಕೇಳಿದವರಿಗೆಲ್ಲ ಸೊಸೆ ಹುಸೇನಬಿಯನ್ನು ತೋರಿಸಿದಳು. ನಾನು ಕೆಮ್ಮಿದೆ. ಯಾರೂ ತಿರುಗಿ ನೋಡಲಿಲ್ಲ.

ನೋಡಿದವರು ಗಣಿತದ ಟೀಚರು ಒಬ್ಬರೇ. ಅದು ಗೊತ್ತಾದದ್ದು ಮುಂದಿನ ವಾರ. ಮನೆಯಲ್ಲಿರುವ ಒಂದು ವೃತ್ತದ ಅಳತೆ ಬರೆದುಕೊಂಡು ಬರಲು ಅವರು ಮಕ್ಕಳಿಗೆ ಹೇಳಿದ್ದರಂತೆ. ಗೌರಿಯ ನೋಟ್‌ಬುಕ್ ತೆರೆದು ಓದಿದೆ:

"ತ್ರಿಜ್ಯ ಎಂಟು ಇಂಚು. ಸುತ್ತಳತೆ ಸುಮಾರು ಐವತ್ತು ಇಂಚು. ಉದಾಹರಣೆ: ನಮ್ಮ ಆಯಿಯ ನಡ."

ಕೆಳಗೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು!