ಪೂಜೆಗೆ ಕೂತ ಗಿಟಾರುಗಳು

ಬೇಕಾದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ಮನುಷ್ಯ ಸುಖವಾಗಿರುತ್ತಾನೆ ಎಂದು ಜನರನ್ನು ನಂಬಿಸಿದವರು ಯಾರೋ ನನಗೆ ಗೊತ್ತಿಲ್ಲ. ಅವರು ಒಮ್ಮೆಯೂ ನನ್ನ ಜೊತೆ ಹೋಟೆಲಿಗೆ ಬಂದವರಲ್ಲ ಎಂಬುದಂತೂ ಖಂಡಿತ. ‘ಏನ್ ಕೊಡ್ಲಿ ಸಾರ್?’ ಎಂದು ಸಪ್ಲೈಯರ್ ಬಂದು ನಿಂತರೆ, ಖಾಲಿ ದೋಸೆಯೋ ಸೆಟ್ ದೋಸೆಯೋ ಎಂದು ಗೋಡೆಯ ಮೇಲಿನ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿ, ಅವನು ಬೇರೆಯವರಿಗೆಲ್ಲ ಬಡಿಸಿ ವಾಪಸು ಬಂದಮೇಲೆ ಪಕ್ಕದವರ ತಟ್ಟೆ ತೋರಿಸಿ ‘ಅದೇ ಕೊಡಿ’ ಎನ್ನುವ ಜಾತಿ ನನ್ನದು. ಈಗೀಗ ನನ್ನ ಹೆಂಡತಿ ಸುಧಾ ನನ್ನ ಪಾಲಿನದನ್ನೂ ತಾನೇ ಹೇಳಿಬಿಡುತ್ತಾಳೆ. ಹೊರಗಿನವರು ಇದನ್ನು ದಬ್ಬಾಳಿಕೆ ಎಂದುಕೊಳ್ಳಬಹುದು, ನನಗದು ವರ. ಆಫೀಸಿನಲ್ಲಿ ಈ ಕಷ್ಟವಿಲ್ಲ. ವಿಮೆಯ ಕ್ಲೇಮುಗಳಲ್ಲಿ ಆಯ್ಕೆ ಎಂಬುದೇ ಇಲ್ಲ, ನಿಯಮ ಹೇಳಿದ್ದನ್ನು ಬರೆದರಾಯಿತು. ಕಷ್ಟವೆಲ್ಲ ಇರುವುದು ವಿಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ನನ್ನ ಎಲೆಕ್ಟ್ರಿಕ್ ಗಿಟಾರುಗಳ ನಡುವೆ.

ಬಸವೇಶ್ವರನಗರದ ಪ್ರಕಾಶ ನನ್ನ ಹೈಸ್ಕೂಲಿನ ಗೆಳೆಯ. ಹವ್ಯಾಸಿ ನಾಟಕ ತಂಡವೊಂದನ್ನು ಕಟ್ಟಿಕೊಂಡು ತನ್ನ ನೆಮ್ಮದಿಯನ್ನೂ ನಂಟರ ನೆಮ್ಮದಿಯನ್ನೂ ಹಾಳುಮಾಡಿಕೊಂಡಿದ್ದಾನೆ. ಈ ವರ್ಷ ಅವನು ಆಡಿಸಲು ಹೊರಟ ನಾಟಕದಲ್ಲಿ, ಎಂದೋ ಮುಚ್ಚಿಹಾಕಿದ ಕೆರೆಯೊಂದು ಎದ್ದು ಬಂದು ಬಡಾವಣೆಯವರ ಹತ್ತಿರ ತನ್ನ ಜಾಗ ವಾಪಸು ಕೇಳುವ ದೃಶ್ಯವಿತ್ತು. ‘ಕೆರೆ ಏಳೋವಾಗ ಒಂದು ಗಿಟಾರ್ ಸಾಲಲ್ಲ ಕಣೋ, ನೂರು ಗಿಟಾರ್ ಒಟ್ಟಿಗೆ ಬಂದಂಗಿರ್ಬೇಕು. ನೀನೇ ಮಾಡ್ಕೊಡ್ಬೇಕು’ ಎಂದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗಿಟಾರು ನುಡಿಸು ಎಂದು ಯಾರಾದರೂ ನನ್ನನ್ನು ಕೇಳಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಬಂದ ಕೋರಿಕೆಗಳೆಲ್ಲ ನಿಲ್ಲಿಸು ಎಂಬ ಅರ್ಥದವೇ.

ನೂರು ಗಿಟಾರು ಎಂದರೆ ನೂರು ಜನ ಬೇಕಿಲ್ಲ. ಒಬ್ಬನೇ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿ, ಪ್ರತಿ ಸಲವೂ ರೆಕಾರ್ಡ್ ಮಾಡಿ, ಒಂದರ ಮೇಲೊಂದು ಪದರ ಕೂರಿಸಿ, ಕೆಲವನ್ನು ಎಡಗಿವಿಗೂ ಕೆಲವನ್ನು ಬಲಗಿವಿಗೂ ಹಂಚಿದರೆ ಗೋಡೆಯಂಥ ನಾದ ಎದ್ದು ನಿಲ್ಲುತ್ತದೆ. ಒಂದೇ ಸಲ ನುಡಿಸಿ ಅದನ್ನೇ ನಕಲು ಮಾಡಿ ಅಂಟಿಸಿದರೆ ಆಗುವುದಿಲ್ಲ. ಶಬ್ದ ಜೋರಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗಬೇಕು, ಆ ಹೆಚ್ಚುಕಡಿಮೆಯೇ ಅದರ ಸೊಗಸು. ಇಡೀ ಸಂಗೀತ ಪ್ರಪಂಚದಲ್ಲಿ, ಒಂದು ಸಾಲನ್ನು ಎರಡು ಸಲ ಒಂದೇ ಥರ ನುಡಿಸಲಾರದವನಿಗೆ ಮರ್ಯಾದೆ ಇರುವ ಜಾಗ ಇದೊಂದೇ. ಹಾಗಾಗಿ ಇದು ನನಗೆಂದೇ ಹುಟ್ಟಿದ ಕಲೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ.

ತೊಂದರೆ ಶುರುವಾಗುವುದು ಯಾವ ಪದರಕ್ಕೆ ಯಾವ ಸಾಮಾನು ಎಂಬಲ್ಲಿ. ನನ್ನ ಹತ್ತಿರ ತೆಳು ದನಿಯ ಬಿಳಿ ಗಿಟಾರೊಂದಿದೆ, ದಪ್ಪ ದನಿಯ ಕಪ್ಪು ಗಿಟಾರೊಂದಿದೆ, ಎರಡಕ್ಕೂ ನಡುವಿನ ದನಿ ಎಂದಾದರೂ ಬೇಕಾದೀತೆಂದು ಕೊಂಡ ಮೂರನೆಯದೊಂದಿದೆ. ಕಾಲಲ್ಲಿ ಒತ್ತುವ ಪೆಡಲುಗಳಿವೆ: ನಾದವನ್ನು ಒರಟು ಮಾಡಲು ಒಂದು, ಇನ್ನೂ ಒರಟು ಮಾಡಲು ಒಂದು, ಪ್ರತಿಧ್ವನಿಗೆ ಒಂದು, ಏನು ಮಾಡುತ್ತದೆಂದು ನನಗೇ ಮರೆತುಹೋದದ್ದು ಒಂದು. ಕೊನೆಗೆ ಹಳೇ ಕಾಲದ ವಾಲ್ವುಗಳ ಆಂಪ್ಲಿಫೈಯರು, ಅದರ ಮುಂದಿಡಲು ಮೈಕುಗಳು. ಬಿಳಿಯದನ್ನು ಎಡಕ್ಕೂ ಕಪ್ಪನ್ನು ಬಲಕ್ಕೂ ಇಟ್ಟರೆ ಬಲಗಡೆ ತೂಕ ಹೆಚ್ಚಾಯಿತೆನ್ನಿಸುತ್ತಿತ್ತು. ಅದಲುಬದಲು ಮಾಡಿದರೆ ಎಡಗಡೆ. ಎರಡೂ ಕಡೆ ಒಂದೇ ಗಿಟಾರು ಇಟ್ಟರೆ ಮಿಕ್ಕವನ್ನು ಕೊಂಡದ್ದೇಕೆ ಎಂದು ಸುಧಾ ಕೇಳುವ ಭಯ. ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಗುಂಯ್ ಎನ್ನುತ್ತಿತ್ತು, ದೂರ ಇಟ್ಟರೆ ಪಕ್ಕದ ಮನೆಯ ಮಿಕ್ಸಿಯೂ ಕೆರೆಯ ಜೊತೆ ಎದ್ದು ಬರುತ್ತಿತ್ತು. ಸಲಹೆಗೆಂದು ಇಂಟರ್ನೆಟ್ಟಿಗೆ ಹೋದೆ. ಒಬ್ಬ ಪುಣ್ಯಾತ್ಮ ಪ್ರತಿ ಪದರಕ್ಕೂ ಬೇರೆ ಗಿಟಾರು ಇರಲೇಬೇಕೆಂದ. ಇನ್ನೊಬ್ಬ, ಗಿಟಾರು ಒಂದೇ ಇರಲಿ, ಆಂಪ್ಲಿಫೈಯರು ಬದಲಿಸಿ ಎಂದ. ಮತ್ತೊಬ್ಬ ಎಲ್ಲವೂ ಇರುವುದು ತಂತಿಯ ದಪ್ಪದಲ್ಲಿ ಎಂದ. ಎಲ್ಲರ ಮಾತೂ ನನಗೆ ಸರಿಯೆನ್ನಿಸಿತು. ಹೀಗೆ ಶ್ರಾವಣ ಕಳೆಯಿತು, ಗಣೇಶ ಬಂದು ಮುಳುಗಿದ, ನಾನು ಇನ್ನೂ ಮೈಕು ಸರಿಸುತ್ತಲೇ ಇದ್ದೆ.

ನವರಾತ್ರಿಯ ನಡುವೆ ಪ್ರಕಾಶ ಫೋನು ಮಾಡಿದ. ದನಿಯಲ್ಲಿ ಸ್ನೇಹ ಇಳಿದಿತ್ತು. ‘ನೋಡು ಸತೀಶ, ವಿಜಯದಶಮಿ ಬೆಳಗ್ಗೆ ಆ ಸೀನ್ ಪ್ರಾಕ್ಟೀಸ್ ಶುರು. ಆಯುಧಪೂಜೆ ಸಾಯಂಕಾಲದೊಳಗೆ ಮ್ಯೂಸಿಕ್ ನನ್ ಕೈಲಿರ್ಬೇಕು. ಇಲ್ಲಾಂದ್ರೆ ನಾಗರಬಾವಿಯಿಂದ ಕೀಬೋರ್ಡ್‌ನವ್ರನ್ನ ಕರೀತೀನಿ. ಅವ್ರು ಒಂದ್ ಬಟನ್ ಒತ್ತಿದ್ರೆ ಗಿಟಾರ್ ಬರುತ್ತೆ ಗುರು.’ ಬೇರೆ ಯಾವ ಬೈಗುಳವನ್ನಾದರೂ ಸಹಿಸುತ್ತಿದ್ದೆ. ಗಿಟಾರು ನುಡಿಸುವವನ ಮುಂದೆ ಗುಂಡಿ ಒತ್ತಿ ಬರಿಸುವ ಗಿಟಾರಿನ ಮಾತೆತ್ತುವುದು, ಮದುವೆ ಮನೆಯ ಅಡುಗೆ ಭಟ್ಟರ ಮುಂದೆ ಪ್ಯಾಕೆಟ್ ಪುಳಿಯೋಗರೆಯನ್ನು ಹೊಗಳಿದಂತೆ. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಜನ್ಮದಲ್ಲಿ ಒಂದು ಸಲ ಯಾರೋ ಕರೆದು ನುಡಿಸು ಎಂದಿದ್ದರು. ಅದೂ ಕೈತಪ್ಪಿದರೆ, ಇನ್ನೊಬ್ಬರು ಕರೆಯುವ ಹೊತ್ತಿಗೆ ನನ್ನ ಬೆರಳುಗಳಿಗೆ ಸಂಧಿವಾತ ಬಂದಿರುತ್ತದೆ. ಆಯುಧಪೂಜೆಗೆ ಹೇಗೂ ಆಫೀಸಿಗೆ ರಜ. ಬೆಳಗ್ಗೆ ಎದ್ದವನೇ ಎಲ್ಲವನ್ನೂ ತೀರ್ಮಾನಿಸಿ ನುಡಿಸಿ ಮುಗಿಸುತ್ತೇನೆಂದು ಶಪಥ ಮಾಡಿದೆ.

ಅಂದು ಸ್ನಾನ ಮುಗಿಸಿ ಹಿಂದಿನ ಕೋಣೆಗೆ ಹೋದರೆ ಕೋಣೆ ಖಾಲಿ. ಹಾಲಿಗೆ ಓಡಿಬಂದೆ. ದೇವರ ಮನೆಯ ಮುಂದೆ ರಂಗೋಲಿ ಹಾಕಿ, ಮಣೆಗಳ ಮೇಲೆ ನನ್ನ ಮೂರೂ ಗಿಟಾರುಗಳನ್ನು ಸಾಲಾಗಿ ಗೋಡೆಗೆ ಒರಗಿಸಿ ಕೂರಿಸಲಾಗಿತ್ತು. ಪಕ್ಕದಲ್ಲಿ ಈಳಿಗೆಮಣೆ, ಸುತ್ತಿಗೆ, ಹೊಲಿಗೆ ಯಂತ್ರ. ಆಂಪ್ಲಿಫೈಯರಿನ ಹಣೆಯ ಮೇಲೆ ಅಚ್ಚುಕಟ್ಟಾಗಿ ಎಳೆದ ವಿಭೂತಿ. ಪೆಡಲುಗಳ ಮೇಲೆ ಒಂದೊಂದು ಚೆಂಡುಹೂವು, ಮೈಕುಗಳಿಗೆ ಸೇವಂತಿಗೆ ಮಾಲೆ, ರೆಕಾರ್ಡಿಂಗಿನ ಪೆಟ್ಟಿಗೆಗೆ ಅರಿಶಿನ ಕುಂಕುಮ. ಪ್ರತಿ ವರ್ಷ ಅಮ್ಮ ಒಂದು ಗಿಟಾರಿಗೆ ಶಾಸ್ತ್ರಕ್ಕೆಂದು ಕುಂಕುಮವಿಟ್ಟು ಸುಮ್ಮನಾಗುತ್ತಿದ್ದಳು. ಈ ಸಲ ಮಗನನ್ನು ನಾಟಕದವರು ಕರೆದಿದ್ದಾರೆಂಬ ಸಂಭ್ರಮದಲ್ಲಿ, ಬೆಳಕು ಹರಿಯುತ್ತಲೇ ಎದ್ದು ಕೋಣೆಯನ್ನೇ ಬಳಿದು ತಂದಿದ್ದಳು. ಪೂಜೆ ಮುಗಿದುಹೋಗಿತ್ತು. ನನ್ನ ಮುಂದೆ ಮಂಗಳಾರತಿ ಹಿಡಿದಳು.

‘ಅಮ್ಮಾ, ಇದೆಲ್ಲ ನಂಗೆ ಈಗ್ಲೇ ಬೇಕಿತ್ತಲ್ಲಮ್ಮ!’

‘ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ ಕಣೋ. ನಾಳೆ ಬೆಳಗ್ಗೆ ಪುನಃಪೂಜೆ ಮಾಡಿ ಎತ್ಕೊಡ್ತೀನಿ.’

‘ಬೀದೀಲಿ ಆಟೋದವ್ರೆಲ್ಲ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡು ಆಗ್ಲೇ ಓಡಿಸ್ತಾ ಇದಾರಲ್ಲ?’

‘ಅದು ಗಾಡಿ. ಇದು ವಿದ್ಯೆ, ಸರಸ್ವತಿ ಮುಂದೆ ಇಟ್ಟಿರೋದು. ಸ್ಕೂಲಲ್ಲಿದ್ದಾಗ ಲೆಕ್ಕದ ಪುಸ್ತಕಾನ ಪೂಜೆಗಿಟ್ಟು, ಮುಟ್ಟಿದ್ರೆ ದೇವ್ರಿಗೆ ಕೋಪ ಬರುತ್ತೆ ಅಂತ ಅಳ್ತಿದ್ದೋನು ನೀನೇ ಅಲ್ವೇನೋ? ಆವಾಗಿದ್ದ ಭಕ್ತಿ ಈಗೆಲ್ಲಿ ಹೋಯ್ತು?’

ಕದ್ದು ಎತ್ತಿಕೊಳ್ಳೋಣವೆಂದರೆ ಅಮ್ಮ ಅವುಗಳ ಎದುರಿಗೇ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನು ತಲೆ ಮೇಲೆ ಕೈಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿದೆ. ಸುಧಾ ಒಬ್ಬಟ್ಟು ತಟ್ಟುತ್ತಾ, ‘ಬಾಗಿಲ ಹಿಂದೆ ಆ ಕೆಂಪು ಗಿಟಾರ್ ಇದೆಯಲ್ರೀ’ ಎಂದಳು. ಕಾಲೇಜಿನಲ್ಲಿದ್ದಾಗ ಕೊಂಡ ಅಗ್ಗದ ಗಿಟಾರು ಅದು. ಮೊಳೆಗೆ ನೇತುಹಾಕಿ, ಅದರ ತಂತಿ ಬಿಗಿಯುವ ಕಿವಿಗಳಿಗೆ ತರಕಾರಿ ಚೀಲ ಸಿಕ್ಕಿಸುವುದು ನಮ್ಮ ಮನೆಯ ವಾಡಿಕೆ. ಅಮ್ಮನ ಕಣ್ಣಿಗೆ ಅದು ಚೀಲದ ಗೂಟವೇ ಆದ್ದರಿಂದ ಪೂಜೆಯಿಂದ ತಪ್ಪಿಸಿಕೊಂಡಿತ್ತು. ಅದರ ಜೊತೆಗೆ ಬಂದಿದ್ದ, ಟಿಫನ್ ಡಬ್ಬಿಯಷ್ಟಿರುವ ಸೆಲ್ಲಿನ ಆಂಪ್ಲಿಫೈಯರು ಅಟ್ಟದ ಮೇಲಿತ್ತು. ಸುಧಾ ಸ್ಕೂಲ್ ಟೀಚರು. ‘ಇದು ಸ್ಕೂಲಿಂದು ಅತ್ತೆ, ಅಲ್ಲೇ ಪೂಜೆ ಆಗಿದೆ’ ಎಂದು ತನ್ನ ಲ್ಯಾಪ್‌ಟಾಪನ್ನು ಜಾಣತನದಿಂದ ಉಳಿಸಿಕೊಂಡಿದ್ದಳು. ಇನ್ನು ಮೈಕಿನ ಬದಲು ನನ್ನ ಫೋನು.

ತುಕ್ಕು ಹಿಡಿದ ತಂತಿ ಕಿತ್ತು ಹೊಸದು ಕಟ್ಟಿದೆ. ಡ್ರಾಯರಿನಲ್ಲಿ ಇದ್ದದ್ದು ಒಂದೇ ಪೊಟ್ಟಣ, ಹಾಗಾಗಿ ತಂತಿಯ ದಪ್ಪದ ಪ್ರಶ್ನೆ ಏಳಲಿಲ್ಲ. ಎಡಕ್ಕೂ ಕೆಂಪು, ಬಲಕ್ಕೂ ಕೆಂಪು, ಆ ಪ್ರಶ್ನೆಯೂ ಇಲ್ಲ. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಒಂದು ಪದರ ನುಡಿಸಿದೆ. ಲ್ಯಾಪ್‌ಟಾಪಿಗೆ ಹಾಕಿ ಅದನ್ನು ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾ, ಡಬ್ಬಿಯನ್ನು ಹಾಸಿಗೆಯ ಸುರುಳಿಯೊಳಗೆ ತೂರಿಸಿ ಇನ್ನೊಂದು. ಬಚ್ಚಲುಮನೆಯ ಗೋಡೆಗಳ ನಡುವೆ ಮತ್ತೊಂದು, ಖಾಲಿ ನೀರಿನ ಡ್ರಮ್ಮಿನೊಳಗೆ ಇಳಿಬಿಟ್ಟು ಮಗದೊಂದು. ಆ ಕೊನೆಯದರಲ್ಲಂತೂ ಗಿಟಾರು ಪಾತಾಳದಿಂದ ಮಾತಾಡಿದಂತಿತ್ತು. ಹೊರಗೆ ಯಾರೋ ಕಾರಿನ ಮುಂದೆ ಬೂದುಗುಂಬಳ ಒಡೆದ ಸದ್ದು ಒಂದು ಪದರದಲ್ಲಿ ಸೇರಿಕೊಂಡಿತು. ಅಳಿಸದೆ ಬಿಟ್ಟೆ, ಕೆರೆ ಏಳುವಾಗ ಏನಾದರೂ ಒಡೆಯಲೇಬೇಕಲ್ಲ. ಸದ್ದು ಚೆನ್ನಾಗಿ ಬಂದದ್ದಕ್ಕಿಂತ ನನಗೆ ಆಶ್ಚರ್ಯವಾದದ್ದು ಮನಸ್ಸಿನ ನಿರಾಳ. ಇದೋ ಅದೋ ಎಂದು ಕೇಳುವವರು ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಎಷ್ಟು ಕಾಲವಾಗಿತ್ತೋ ನಾನು ಸಾಮಾನು ಜೋಡಿಸದೆ ಬರೀ ಗಿಟಾರು ನುಡಿಸಿ! ಒಬ್ಬಟ್ಟಿನ ಊಟಕ್ಕೆ ಕೂರುವ ಮೊದಲೇ ಪ್ರಕಾಶನಿಗೆ ಕಳಿಸಿದ್ದೆ. ಊಟ ಮುಗಿಸಿ ಹಾಯಾಗಿ ಗೊರಕೆ ಹೊಡೆದೆ.

ಅವನ ಫೋನೇ ನನ್ನನ್ನು ಎಬ್ಬಿಸಿತು. ‘ಲೋ ಮಗಾ, ಮೈ ಜುಂ ಅಂತು ಕಣೋ! ಕೀಬೋರ್ಡು ಗೀಬೋರ್ಡು ಯಾವ್ದೂ ಬೇಡ. ಏನೇನ್ ಬಳಸ್ದೆ ಇದಕ್ಕೆ?’ ತರಕಾರಿ ಚೀಲದ ಗೂಟ ಎಂದು ಹೇಳಲು ನಾಲಿಗೆ ಏಳಲಿಲ್ಲ. ‘ಏನ್ ಕೇಳ್ತೀಯ, ಸಾಮಾನೆಲ್ಲ ಈಗ ದೇವ್ರ ಮುಂದಿದೆ’ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನಿಗೆ ಭಕ್ತಿ ಉಕ್ಕಿಬಂದಿರಬೇಕು. ‘ಹಂಗಾದ್ರೆ ಕೊನೇ ಸೀನೂ ನಿಂದೇ. ಕೆರೆ ವಾಪಸ್ ಹೋಗುತ್ತೆ. ದೀಪಾವಳಿ ಹೊತ್ತಿಗೆ ಕೊಡು’ ಎಂದು ಫೋನಿಟ್ಟ.

ಮರುದಿನ ಬೆಳಗ್ಗೆ ಅಮ್ಮ ಪುನಃಪೂಜೆ ಮುಗಿಸಿ, ಹೂ ತೆಗೆದು, ಕುಂಕುಮ ಒರೆಸಿ ‘ಬಾಪ್ಪಾ, ತಗೊಂಡ್ಹೋಗು’ ಎಂದು ಕರೆದಳು. ಆ ಸಾಲನ್ನು ನೋಡಿದ್ದೇ ತಡ, ನಿನ್ನೆ ಇಳಿದಿದ್ದ ಭಾರ ಮತ್ತೆ ಹೆಗಲೇರಿತು.

‘ಇನ್ನೊಂದಷ್ಟು ದಿನ ಅಲ್ಲೇ ಇರ್ಲಿ ಬಿಡಮ್ಮ’ ಎಂದೆ.

‘ಚೆನ್ನಾಗಿದೆ! ಹಾಲಲ್ಲಿ ಓಡಾಡೋಕೆ ಜಾಗ ಬೇಡ್ವಾ?’

‘ಹೋಗ್ಲಿ, ದೀಪಾವಳೀಲಿ ಲಕ್ಷ್ಮೀ ಪೂಜೆಗಾದ್ರೂ ಮತ್ತೆ ಇಡ್ತೀಯಾ?’

ಅಮ್ಮ ಗಿಟಾರುಗಳನ್ನೊಮ್ಮೆ, ಪೆಡಲುಗಳನ್ನೊಮ್ಮೆ, ಕೊನೆಗೆ ನನ್ನನ್ನೊಮ್ಮೆ ನೋಡಿದಳು. ‘ಲಕ್ಷ್ಮಿ ಮುಂದೆ ಇಡೋದು ಅವಳನ್ನ ಮನೆಗೆ ಕರ್ಕೊಂಡ್ ಬರೋ ಸಾಮಾನು ಕಣೋ. ಇವೆಲ್ಲ ಅವಳನ್ನ ಆಚೆಗೆ ಕಳಿಸಿರೋ ಸಾಮಾನು’ ಎಂದು ಹೇಳಿ, ಬಿಳಿಯದನ್ನು ನನ್ನ ಒಂದು ಕೈಗೂ ಕಪ್ಪನ್ನು ಇನ್ನೊಂದು ಕೈಗೂ ಕೊಟ್ಟು ಒಳಗೆ ಹೋದಳು. ಯಾವುದನ್ನು ಮೊದಲು ಕೋಣೆಗೆ ಒಯ್ಯಬೇಕೆಂದು ತಿಳಿಯದೆ, ಸುಧಾ ಬಂದು ಹೇಳುವವರೆಗೆ ನಾನು ಅಲ್ಲೇ ನಿಂತಿದ್ದೆ.