ರಾಗಿ ತಿನ್ನಿ ಎಂದವನ ಎಲೆಗೆ ಬಿಳಿ ಅನ್ನ

ಜನರಿಗೆ ಏನು ತಿನ್ನಬೇಕು ಎಂದು ಹೇಳಿಕೊಡುವ ಕೆಲಸಕ್ಕೆ ಮಾತ್ರ ಯಾರೂ ಹೋಗಬಾರದು. ಹೋದರೆ ಊರಿಗೊಂದು ಅವಾಂತರ ಕಟ್ಟಿಟ್ಟ ಬುತ್ತಿ.

ಯುದ್ಧದ ಕಾಲದಲ್ಲಿ ನಾನು ಕೋಲಾರದ ಕಡೆ ಆರೋಗ್ಯ ಪ್ರಚಾರಕನಾಗಿದ್ದೆ. ಸೈಕಲ್ಲಿಗೆ ಬಣ್ಣದ ಪಟಗಳ ಸುರುಳಿ ಕಟ್ಟಿಕೊಂಡು ಊರೂರು ತಿರುಗುವುದು, ಚಾವಡಿಯಲ್ಲೋ ಶಾಲೆಯ ಗೋಡೆಗೋ ಅವನ್ನು ತೂಗುಹಾಕುವುದು, ಆಮೇಲೆ ಗಂಟಲು ಹರಿಯುವಂತೆ ಕೂಗುವುದು. ಮೂಳೆಗೆ ಸುಣ್ಣದ ಅಂಶ ಬೇಕು, ಅದು ರಾಗಿಯಲ್ಲಿದೆ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು, ಅದು ಸೊಪ್ಪಿನಲ್ಲಿದೆ. ಮೈ ಬೆಳೆಯಲು ಬೇಳೆಕಾಳು, ಒಸಡಿಗೆ ನೆಲ್ಲಿಕಾಯಿ, ಕಣ್ಣಿಗೆ ಮಾವಿನಹಣ್ಣು. ಇಷ್ಟೇ ನನ್ನ ಪಾಠ. ಇದರಲ್ಲಿ ತಪ್ಪು ತಿಳಿದುಕೊಳ್ಳಲು ಏನಿದೆ ಎಂದು ನಾನು ನಂಬಿದ್ದೆ.

ಕೆಲಸವೋ ಹಂಗಾಮಿ. ಹೆಣ್ಣು ಕೊಡಬೇಕಾದವರು, "ಮೊದಲು ಕೆಲಸ ಖಾಯಂ ಆಗ್ಲಿ, ಆಮೇಲೆ ಲಗ್ನದ ಮಾತು" ಎಂದು ಹೇಳಿ ಕಳುಹಿಸಿದ್ದರು. ಖಾಯಂ ಮಾಡಬೇಕಾದವರು ಕೋಲಾರದ ನಮ್ಮ ಸಾಹೇಬರು. ಅವರು, "ಒಂದಿನ ನಾನೇ ಬಂದು ನಿಮ್ಮ ಉಪನ್ಯಾಸ ಕೇಳ್ತೀನಿ, ಅವತ್ತು ನೋಡೋಣ" ಎಂದಿದ್ದರು. ಯಾವ ಊರು, ಯಾವ ದಿನ ಎಂದು ಹೇಳಿರಲಿಲ್ಲ. ಹಾಗಾಗಿ ಎಲ್ಲಿ ನಿಂತು ಮಾತಾಡಿದರೂ ನನ್ನ ಒಂದು ಕಣ್ಣು ಪಟದ ಮೇಲೆ, ಇನ್ನೊಂದು ಕಣ್ಣು ಗುಂಪಿನಲ್ಲಿ ಸಾಹೇಬರ ಹ್ಯಾಟು ಹುಡುಕುತ್ತಿತ್ತು.

ಮಾಲೂರಿನ ಹಸು

ಮಾಲೂರಿನಲ್ಲಿ ಒಬ್ಬ ಶ್ಯಾನುಭೋಗರು ನನ್ನನ್ನು ಮನೆಗೆ ಕರೆದೊಯ್ದು, "ನಮ್ಮನೆಯವಳಿಗೆ ಸ್ವಲ್ಪ ತಿಳಿಸಿ ಹೇಳಿ ಸ್ವಾಮಿ, ಮಕ್ಕಳಿಗೆ ಮೈಯಲ್ಲಿ ಕಸುವೇ ಇಲ್ಲ" ಎಂದರು. ಮಕ್ಕಳು ನಿಜಕ್ಕೂ ಕಡ್ಡಿಗಳಂತಿದ್ದವು. ನಾನು ವಿಚಾರಣೆ ಶುರುಮಾಡಿದೆ. ಆಕೆ ಬಾಗಿಲ ಮರೆಯಿಂದಲೇ ಉತ್ತರ ಕೊಟ್ಟರು.

"ಅಕ್ಕಿಯ ತೌಡು ಏನು ಮಾಡ್ತೀರಮ್ಮಾ?"

"ಹಸೂಗೆ ಹಾಕ್ತೀವಿ."

"ಅಕ್ಕಿ ತೊಳೆದ ನೀರು?"

"ಹಸೂಗೆ."

"ಅನ್ನ ಬಸಿದ ಗಂಜಿ?"

"ಅದೂ ಹಸೂಗೇ."

"ಮೂಲಂಗಿ ಸೊಪ್ಪು, ಕೋಸಿನ ಹೊರಗಿನ ಎಲೆ?"

"ಅದು ಅಂದ್ರೆ ಹಸು ಪ್ರಾಣಾನೇ ಬಿಡತ್ತೆ!"

ನನಗೆ ಸಿಟ್ಟು ನೆತ್ತಿಗೇರಿತು. ತಡೆದುಕೊಂಡು, "ಹೋಗಲಿ, ಆ ಹಸುವಿನ ಹಾಲಾದರೂ ಮಕ್ಕಳಿಗೆ ಕೊಡ್ತೀರಾ?" ಎಂದೆ. "ಹಾಲು ಸ್ಟೇಷನ್ ಹತ್ರದ ಕಾಫಿ ಹೋಟ್ಲಿಗೆ ಹೋಗತ್ತೆ" ಎಂದರು. ಅದೇ ಹೋಟಲಿನಲ್ಲಿ ರೈಲಿಳಿದವನೇ ನಾನು ಎರಡು ಲೋಟ ಕಾಫಿ ಕುಡಿದು ಬಂದಿದ್ದೆ.

ಶ್ಯಾನುಭೋಗರು ಮಾತ್ರ ಅಂಗಳದಲ್ಲಿ ಮಿರಮಿರ ಮಿಂಚುತ್ತಿದ್ದ ಹಸುವಿನ ಬೆನ್ನು ತಟ್ಟಿ ಹೆಮ್ಮೆಯಿಂದ ಹೇಳಿದರು: "ನೋಡಿದ್ರಾ ಸ್ವಾಮಿ! ನಿಮ್ಮ ಪಟದಲ್ಲಿ ಇರೋದೆಲ್ಲಾ ನಮ್ಮನೇಲಿ ಆಗ್ಲೇ ನಡ್ಕೊಂಡು ಬರ್ತಿದೆ!"

ಮೊದಲು ದೇವರಿಗೆ

ಕುರುಡುಮಲೆಯ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯ ಮೊಮ್ಮಗಳಿಗೆ ಇರುಳುಗಣ್ಣು. ಸಂಜೆಯಾದರೆ ಮಗು ಗೋಡೆ ತಡವುತ್ತಿತ್ತು. ಇಲಾಖೆಯಿಂದ ಬಂದಿದ್ದ ಮೀನೆಣ್ಣೆಯ ಬಾಟಲಿಯೊಂದನ್ನು ಅಜ್ಜಿಯ ಕೈಗಿಟ್ಟು, "ಇದು ಕಣ್ಣಿನ ಕಾಯಿಲೆಗೆ ಎಣ್ಣೆ. ದಿನಾ ಒಂದು ಚಮಚ, ಜೊತೆಗೆ ನುಗ್ಗೆಸೊಪ್ಪು, ಮರೀಬೇಡ" ಎಂದು ಹೇಳಿ ಬಂದೆ. ಅವರು ಕೆರೆಯ ಮೀನು ತಿನ್ನುವವರೇ. ಆದ್ದರಿಂದ ಅದು ಯಾವುದರ ಎಣ್ಣೆ ಎಂದು ಬಿಡಿಸಿ ಹೇಳಬೇಕೆಂದು ನನಗೆ ತೋಚಲಿಲ್ಲ.

ವಾರ ಬಿಟ್ಟು ಹೋದರೆ ಬಾಟಲಿ ಖಾಲಿ. ಮಗು ಮಾತ್ರ ಮೊದಲಿನ ಹಾಗೇ ಗೋಡೆ ತಡವುತ್ತಿದೆ.

"ಅಜ್ಜೀ, ಎಣ್ಣೆ ಎಲ್ಲಿ?"

"ದೇವ್ರಿಗೆ ಹಚ್ಚಿದೆ ಕಣಪ್ಪಾ."

"ದೇವರಿಗಾ?"

"ಮತ್ತೆ? ಹೊಸ ಎಣ್ಣೆ ಮನೆಗೆ ಬಂದ್ರೆ ಮೊದ್ಲು ದೇವ್ರ ದೀಪ, ಆಮೇಲೆ ಮನುಷ್ರು. ಮಗೀನ ಹೆಸ್ರಲ್ಲಿ ವಾರವೆಲ್ಲಾ ಹಚ್ಚಿದೀನಿ. ನಿಮ್ಮನೇಲಿ ಹಂಗೆ ಮಾಡಾಕಿಲ್ವಾ?"

ನಾನು ತಲೆ ಚಚ್ಚಿಕೊಂಡು ಇನ್ನೊಂದು ಬಾಟಲಿ ತೆಗೆದು, ನನ್ನ ಕೈಯಾರೆ ಮಗುವಿನ ಬಾಯಿಗೆ ಒಂದು ಚಮಚ ಹಾಕಿದೆ. ಮಗು ಉಗಿಯದಂತೆ ಕಾಯುತ್ತ ನಿಂತೆ. "ಆ ವಾಸನೆ ನಿಂಗೆ ತಿಳೀಲಿಲ್ವಾ ಅಜ್ಜೀ?" ಎಂದು ಕೇಳಿದೆ.

"ವಾಸನೆ ಇತ್ತಪ್ಪಾ. ಆದ್ರೆ ದೇವ್ರು ಮೆಚ್ಕಂಡಿರ್ಬೇಕು. ಯಾವತ್ತೂ ಇಲ್ದೋವು, ಊರಿನ ಬೆಕ್ಕೆಲ್ಲಾ ಬಂದು ದೀಪದ ಮುಂದೆ ಕಣ್ಮುಚ್ಕಂಡು ಕೂತಿದ್ವು. ನಂಗೆ ಮೈ ಜುಂ ಅಂತು!"

ಸರ್ಕಾರಿ ಮಾವು

ಶ್ರೀನಿವಾಸಪುರದ ಸಂತೆಯಲ್ಲಿ ಮಾವಿನ ಗುಣಗಾನ ಮಾಡಿದ್ದು ನನ್ನ ಗ್ರಹಚಾರ. ಕಣ್ಣಿಗೆ ಬೇಕಾದ ಜೀವಸತ್ವ ಮಾಗಿದ ಹಣ್ಣಿನಲ್ಲಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ, ತೋಪುಗಳನ್ನು ಗುತ್ತಿಗೆ ಹಿಡಿಯುತ್ತಿದ್ದ ಒಬ್ಬ ಸಾಬರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅರೆ ವಾ ಸಾಬ್! ಏನ್ ಮಾತ್ ಹೇಳಿದ್ರಿ ಸಾಬ್! ನಮ್ ಅಬ್ಬಾಜಾನ್ ಕಾಲ್ದಿಂದ ಮಾವು ಮಾರ್ತೀವಿ, ಇಂಥಾ ಮಾತು ಯಾರೂ ಹೇಳಿಲ್ಲ."

ಮುಂದಿನ ಸಂತೆಗೆ ನಾನು ಹೋಗುವ ಹೊತ್ತಿಗೆ ನನ್ನ ಪಟದ ಬುಡದಲ್ಲೇ ಹಣ್ಣಿನ ರಾಶಿ ಬಿದ್ದಿತ್ತು. ಸಾಬರು ನನ್ನ ಕಡೆ ಕೈ ತೋರಿಸುತ್ತ, "ಸರ್ಕಾರೀ ಹುಕುಂ! ಕಣ್ಣು ಬೇಕಾದೋರು ಮಾವು ತಿನ್ನಿ! ನೋಡಿ, ಸರ್ಕಾರದೋರೇ ಬಂದು ನಿಂತವ್ರೆ!" ಎಂದು ಕೂಗುತ್ತಿದ್ದರು.

ನಾನು ಅವರನ್ನು ಪಕ್ಕಕ್ಕೆಳೆದು, "ಏನು ಸಾಬರೇ ಇದು? ನಾನು ಹೇಳಿದ್ದು ದಿನಕ್ಕೆ ಒಂದು ಹಣ್ಣು!" ಎಂದೆ.

"ಒಂದ್ ಹಣ್ಣು ಒಂದ್ ಕಣ್ಣಿಗಾಯ್ತು ಸಾಬ್. ಇನ್ನೊಂದ್ ಕಣ್ಣು ಏನ್ ಪಾಪ ಮಾಡೈತೆ?"

ಮಾರನೆಯ ಬೆಳಿಗ್ಗೆ ನಾನು ಇಳಿದುಕೊಂಡಿದ್ದ ಛತ್ರದ ಮುಂದೆ ಜನ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಎಲ್ಲರಿಗೂ ಮಜ್ಜಿಗೆ ಕುಡಿಯಲು ಹೇಳಿ ಹೇಳಿ ಸಾಕಾಯಿತು. ಕಡೆಯಲ್ಲಿ ಒಬ್ಬ ರೈತರು ಕಂಬಳಿ ಹೊದ್ದು ಬಂದರು. ಅವರಂತೂ ಬೈಯುತ್ತಾರೆಂದು ನಾನು ಸಿದ್ಧನಾದೆ.

"ರಾತ್ರಿಯೆಲ್ಲಾ ಚೆಂಬು ಹಿಡ್ಕಂಡು ಹೊಲದ ಕಡೆ ಓಡಾಡಿದ್ದೇ ಆಯ್ತು ಸ್ವಾಮಿ. ಆದ್ರೆ ಸುಳ್ಳು ಯಾಕೆ ಹೇಳ್ಲಿ? ಕತ್ತಲಲ್ಲಿ ದಾರಿ ಮಾತ್ರ ಬೋ ಚೆನ್ನಾಗಿ ಕಾಣ್ತಿತ್ತು!"

ಯಲ್ದೂರಿನ ಮರ್ಯಾದೆ

ಇವೆಲ್ಲ ಪರವಾಗಿಲ್ಲ. ನನ್ನನ್ನು ನಿಜವಾಗಿ ಹಾಳುಮಾಡಿದ್ದು ಜನರ ಮರ್ಯಾದೆ.

ಯಲ್ದೂರಿನಲ್ಲಿ ರಾಗಿಯ ಮೇಲೆ ಭಾರಿ ಉಪನ್ಯಾಸ ಕೊಟ್ಟೆ. ಮಿಲ್ಲಿನ ಬಿಳಿ ಅಕ್ಕಿಯಲ್ಲಿ ಸತ್ವವೆಲ್ಲ ಹೋಗಿರುತ್ತದೆ, ಬರೀ ಅದನ್ನೇ ತಿಂದವರ ಬಾಯಿ ಹುಣ್ಣಾಗುತ್ತದೆ, ಕೈಕಾಲು ಸೋಲುತ್ತವೆ ಎಂದೆ. ಎಲ್ಲರಿಗಿಂತ ಜೋರಾಗಿ ತಲೆದೂಗಿದವರು ಊರಿನ ಪಟೇಲರು. ಊಟಕ್ಕೂ ಅವರೇ ಕರೆದರು. ಒಳಗಿನಿಂದ ಬಿಸಿ ಮುದ್ದೆಯ ವಾಸನೆ, ಮಸ್ಸೊಪ್ಪಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು. ಎಲೆ ಹಾಕಿದರು. ಬಡಿಸಿದ್ದು ಮಲ್ಲಿಗೆಯಂಥ ಬಿಳಿ ಅನ್ನ, ನೀರಿನಂಥ ತಿಳಿಸಾರು, ಹಪ್ಪಳ.

"ಪಟೇಲರೇ, ಒಂದು ಮುದ್ದೆ ಇದ್ದರೆ..."

"ಶಿವ ಶಿವಾ! ಸರ್ಕಾರದೋರ ಎಲೆಗೆ ಮುದ್ದೆ ಇಟ್ಟು ನಾನು ಊರಲ್ಲಿ ತಲೆ ಎತ್ಕಂಡು ತಿರ್ಗೋದು ಹೆಂಗೆ?"

"ಈಗ ತಾನೇ ರಾಗಿ ತಿನ್ನಿ ಅಂತ ನಾನೇ ಹೇಳಲಿಲ್ವಾ?"

"ಅದು ನಮಗೆ ಹೇಳಿದ್ದು ಸ್ವಾಮಿ."

ಯುದ್ಧದ ಅಭಾವದಲ್ಲಿ ಅಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ನನಗೋಸ್ಕರ ಮನೆಮನೆ ತಿರುಗಿ ತಂದಿದ್ದರಂತೆ. ಬೇಡ ಎನ್ನುವುದಾದರೂ ಹೇಗೆ? ತಿಂದೆ. ಯಲ್ದೂರಿನಲ್ಲಷ್ಟೇ ಅಲ್ಲ, ಹೋದ ಊರುಗಳಲ್ಲೆಲ್ಲ ಇದೇ ಕಥೆ. ಹೊರಗೆ ಜಗಲಿಯ ಮೇಲೆ ಕೂತ ಆಳುಗಳು ಮುದ್ದೆ ಮುರಿದು ಮಸ್ಸೊಪ್ಪಿನಲ್ಲಿ ಅದ್ದಿ ನುಂಗುವುದನ್ನು ನೋಡುತ್ತ ನಾನು ತಿಳಿಸಾರು ಸುರಿಯುತ್ತಿದ್ದೆ. ಜಿಲ್ಲೆಗೆ ಜಿಲ್ಲೆಯೇ ನನ್ನ ಮಾತಿನಂತೆ ಉಣ್ಣುತ್ತಿತ್ತು. ನನಗೊಬ್ಬನಿಗೆ ಮಾತ್ರ ಉಣ್ಣಲು ಬಿಡಲಿಲ್ಲ!

ಮುಳಬಾಗಿಲಿನ ನಾಲ್ಕನೇ ಪಟ

ಹೀಗೆ ತಿಂಗಳುಗಟ್ಟಲೆ ಮರ್ಯಾದೆ ತಿಂದ ಮೇಲೆ ನನ್ನ ತುಟಿಯ ಎರಡು ಮೂಲೆಯೂ ಬಿರಿದವು. ನಾಲಗೆ ಕೆಂಪಾಗಿ ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಏನಾಗಿದೆ ಎಂದು ವೈದ್ಯರನ್ನು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ನಾಲ್ಕನೇ ಪಟದಲ್ಲಿ ಅದೇ ಬಾಯಿ ದೊಡ್ಡದಾಗಿ ಬರೆದಿತ್ತು. ನಾಚಿಕೆ ತಡೆಯಲಾರದೆ ಶೀತವಾಗಿದೆ ಎಂದು ಸುಳ್ಳು ಹೇಳಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಉಪನ್ಯಾಸ ಕೊಡತೊಡಗಿದೆ.

ಮುಳಬಾಗಿಲಿನಲ್ಲಿ ಒಳ್ಳೇ ಜನ ಸೇರಿತ್ತು. ಮೊದಲ ಪಟ ಬಿಡಿಸುವಾಗಲೇ ಗುಂಪಿನ ಹಿಂದೆ ಹ್ಯಾಟು ಕಂಡಿತು. ಸಾಹೇಬರು! ಇವತ್ತು ಗೆದ್ದರೆ ಖಾಯಂ, ಲಗ್ನ. ಸೋತರೆ ಪಟ ಸುತ್ತಿಟ್ಟು ಊರಿಗೆ. ಮೂಳೆ ಮುಗಿಸಿದೆ, ರಕ್ತ ಮುಗಿಸಿದೆ, ಕಣ್ಣು ಮುಗಿಸಿದೆ. ನಾಲ್ಕನೆಯದನ್ನು ಮೆಲ್ಲಗೆ ಹಾರಿಸಿ ಐದನೆಯದಕ್ಕೆ ಕೈ ಹಾಕಿದೆ.

"ಏನ್ರೀ, ನಾಲ್ಕನೇದು ಬಿಟ್ರಿ?" ಹಿಂದಿನಿಂದ ಸಾಹೇಬರ ಗಂಟಲು.

ಬಿಡಿಸಲೇಬೇಕಾಯಿತು. "ಬರೀ ಮಿಲ್ಲಿನ ಅನ್ನ ತಿಂದು, ರಾಗಿ, ಸೊಪ್ಪು ಬಿಟ್ಟವರ ಬಾಯಿ ಹೀಗಾಗುತ್ತದೆ" ಎಂದು ಕರವಸ್ತ್ರದೊಳಗಿಂದ ಗೊಣಗಿದೆ.

ಮುಂದೆ ಸೊಪ್ಪಿನ ಪುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎದ್ದು ಪಟದ ಹತ್ತಿರ ಬಂದಳು. ಪಟ ನೋಡಿದಳು, ನನ್ನನ್ನು ನೋಡಿದಳು.

"ನಾಯನಾ, ಆ ಬಟ್ಟೆ ಕೊಂಚ ತೆಗಿ."

"ಶೀತ ಅಜ್ಜೀ..."

"ತೆಗಿ ಅಂದ್ರೆ!"

ಅವಳೇ ಎಳೆದುಬಿಟ್ಟಳು. "ಅಯ್ಯೋ ದೇವುಡಾ! ಪಟದಾಗಿರೋನು ಇವ್ನೇ ಕಣ್ರೇ!"

ಆಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಜನ ನುಗ್ಗಿ ಬಂದು ಒಂದು ಸಲ ಪಟ, ಒಂದು ಸಲ ನನ್ನ ಬಾಯಿ ನೋಡತೊಡಗಿದರು. "ಪಟಕ್ಕಿಂತ ಇವ್ರದೇ ಚೆನ್ನಾಗಿ ಗೊತ್ತಾಗತ್ತೆ" ಎಂದ ಒಬ್ಬ. "ಸ್ವಾಮೀ, ಕೊಂಚ ಈ ಕಡೆ ತಿರುಗಿ, ಹಿಂದಿರೋರಿಗೂ ಕಾಣ್ಲಿ" ಎಂದ ಇನ್ನೊಬ್ಬ. ಒಬ್ಬಾಕೆ ತನ್ನ ಮಗನ ಕಿವಿ ಹಿಡಿದು ತಂದು ನನ್ನೆದುರು ನಿಲ್ಲಿಸಿ, "ನೋಡ್ಲಾ, ಸರಿಯಾಗಿ ನೋಡು! ಸೊಪ್ಪು ಬೇಡ ಅಂತೀಯಲ್ಲಾ, ಹಿಂಗಾಗ್ತೀಯ!" ಎಂದಳು. ಗಳಿಗೆಯೊಳಗೆ ಮುದುಕಿಯ ಪುಟ್ಟಿಯ ಸೊಪ್ಪೆಲ್ಲ ಖಾಲಿಯಾಯಿತು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕು ಎನಿಸಿತು. ಖಾಯಂ ಹೋಯಿತು, ಹೆಣ್ಣೂ ಹೋಯಿತು ಎಂದುಕೊಂಡು ಪಟಗಳನ್ನು ಸುತ್ತಿದೆ.

ಆ ಮುದುಕಿ ಮಾತ್ರ ನನ್ನ ಗಲ್ಲ ಸವರಿ, "ನಿಂಗೆ ಯಾರೂ ಮುದ್ದೆ ಇಕ್ಲಿಲ್ವಾ ನಾಯನಾ? ನಮ್ಮನೇಗೆ ಬಾ, ಬಿಸಿ ಮುದ್ದೆ, ದಂಟಿನಸೊಪ್ಪಿನ ಬಸ್ಸಾರು ಇಕ್ತೀನಿ" ಎಂದಳು. ಇಷ್ಟು ತಿಂಗಳಲ್ಲಿ ಈ ಮಾತು ಆಡಿದವಳು ಅವಳೊಬ್ಬಳೇ. ನನಗೆ ಅಳುವೇ ಬಂತು. ಸೈಕಲ್ ತಳ್ಳಿಕೊಂಡು ಅವಳ ಹಿಂದೆ ಹೊರಟೆ.

"ರೀ, ನಿಲ್ಲಿ!" ಸಾಹೇಬರು ಬಂದು ಎದುರು ನಿಂತರು. ನನ್ನ ಬಾಯನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ನನ್ನ ಸರ್ವೀಸಿನಲ್ಲಿ ಜನ ಇಷ್ಟು ಗಮನ ಕೊಟ್ಟು ಕೇಳಿದ ಉಪನ್ಯಾಸ ನೋಡಿಲ್ಲ. ನಾಳೆಯೇ ನಿಮ್ಮನ್ನ ಖಾಯಂ ಮಾಡೋಕೆ ಬರೀತೀನಿ."

ನಾನು ಕೈ ಮುಗಿದೆ. ಬಾಯಿ ಉರಿಯುತ್ತಿದ್ದರೂ ನಕ್ಕೆ. ಅವರು ಮುದುಕಿಯನ್ನು ಒಮ್ಮೆ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಆದರೆ ಮುಂದಿನ ವಾರ ಶ್ರೀನಿವಾಸಪುರದಲ್ಲಿ ದೊಡ್ಡ ಸಭೆ ಇದೆ. ಅಲ್ಲೀವರೆಗೂ ದಯವಿಟ್ಟು ರಾಗಿ ಮುಟ್ಟಬೇಡಿ."