ಮಂಡೆಯೋ ಮಂಡಿಯೋ

ಟೇಪು ಹಿಡಿದು ಜನರ ಮೈ ಅಳೆಯಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಕೆಲಸ ಮಾಡುವಾಗ ಮೈ ಹೇಗೆ ಬಾಗುತ್ತದೆ, ಎಲ್ಲಿ ನೋಯುತ್ತದೆ, ಆ ನೋವು ಇಳಿಯಬೇಕಾದರೆ ಸಾಮಾನು ಹೇಗಿರಬೇಕು ಎಂದು ಹುಡುಕುವುದೇ ನನ್ನ ಸಂಶೋಧನೆ. ಶಿಕಾರಿಪುರದ ಕಡೆಯ ಊರ ಶಾಲೆಯಲ್ಲಿ ನೆಲದ ಮೇಲೆ ಕೂತು ಕಲಿತವನು ನಾನು. ಆ ಶಿವ ನನ್ನನ್ನು ಕೊನೆಗೆ ಕುರ್ಚಿ ಮಾಡುವ ಕೆಲಸಕ್ಕೇ ಹಚ್ಚಿದ.

ಕುರ್ಚಿ ಅಡಿಕೆ ಸುಲಿಯುವ ಹೆಂಗಸರಿಗೆ. ಗಿಡ್ಡ ಕಾಲು, ಬೆನ್ನಿಗೆ ಆಸರೆ. ಸೊರಬದ ಹೊಸಬಾಳೆಯಲ್ಲಿ ಸುಲಿಯುವವರ ಗುಂಪಿಗೆ ಹಿರಿಯರಾದ ದೊಡ್ಡಮ್ಮ ಒಬ್ಬರಿದ್ದಾರೆ. ಬೆನ್ನುನೋವು ತಾಳಲಾರದೆ ಈ ಕೊಯ್ಲಿಗೆ ಕತ್ತಿ ಕೆಳಗಿಡುತ್ತೇನೆ ಅಂದಿದ್ದರು. ಅವರಿಗೆ ಕುರ್ಚಿ ಒಗ್ಗಿದರೆ ಉಳಿದವರೂ ಕೂರುತ್ತಾರೆ. ಒಗ್ಗದಿದ್ದರೆ ಅದು ಗೋದಾಮು ಸೇರುತ್ತದೆ, ದೊಡ್ಡಮ್ಮ ಮನೆ ಸೇರುತ್ತಾರೆ. ನನ್ನ ಸಂಶೋಧನೆಗೆ ಮಾರ್ಗದರ್ಶಕರಾದ ನಮ್ಮ ಮೇಡಂ ಹಾಗೆಂದು ಖಂಡಿತವಾಗಿ ಹೇಳಿಬಿಟ್ಟಿದ್ದರು.

ಕೂತ ಎತ್ತರ

ಕುರ್ಚಿಗೆ ಮೊದಲು ಬೇಕಾದದ್ದು ಮನುಷ್ಯನ ಕೂತ ಎತ್ತರ. ಹೆಂಗಸರನ್ನು ಅಳೆಯುವ ಮುಂಚೆ ಕೈ ಪಳಗಲಿ ಎಂದು ಅಂಜನಾಪುರದಲ್ಲಿ ಒಬ್ಬ ಅಜ್ಜನನ್ನು ಹಿಡಿದೆ.

"ಅಜ್ಜಾರೇ, ರುಮಾಲು ತೆಗೆದು ನೆಟ್ಟಗೆ ಕೂತ್ಕೊಳ್ರಿ. ಕೂತ ಎತ್ತರ ಅಳೀಬೇಕು."

ಅಜ್ಜ ನನ್ನ ಕೊರಳಿನ ಲಿಂಗ ನೋಡಿದ, ಟೇಪು ನೋಡಿದ. "ನಮ್ಮವನೇ ಆಗಿ ಹಿಂಗಾ ಮಾಡೋದು? ಇಷ್ಟು ಅವಸರ ಯಾಕೋ ತಮ್ಮಾ?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿಯೇ ಮಣ್ಣು ಮಾಡುವುದು. ಜೀವ ಇದ್ದವನ ಕೂತ ಎತ್ತರ ಯಾರು ಕೇಳುತ್ತಾರೆ? ನಾಲಿಗೆ ಕಚ್ಚಿಕೊಂಡು, ಇದು ಕುರ್ಚಿಗೆ, ಅದಕ್ಕಲ್ಲ ಎಂದು ಕಾಲು ಮುಟ್ಟಿ ಹೇಳಿದೆ.

ಅಜ್ಜ ನಿಧಾನವಾಗಿ ರುಮಾಲು ತೆಗೆದು ಕೂತ. "ಯಾವುದಕ್ಕಾದರೂ ಆಗಲಿ, ಅಳಿ. ಆದರೆ ನಾಲ್ಕು ಬೊಟ್ಟು ಹೆಚ್ಚಿಗೇ ಬರ್ಕೋ. ಅಲ್ಲಿ ನಾನು ರುಮಾಲು ಸುತ್ತಿಕೊಂಡೇ ಕೂರೋನು."

ವಿಭೂತಿ

ಮೈ ಬಾಗುವುದನ್ನು ನೋಡಲು ನಮ್ಮದೊಂದು ಕ್ಯಾಮೆರಾ ಇದೆ. ಕೀಲು ಕೀಲಿಗೆ ಬಿಳಿ ಚುಕ್ಕೆ ಅಂಟಿಸಿದರೆ ಕಂಪ್ಯೂಟರು ಆ ಚುಕ್ಕೆಗಳನ್ನು ಕೂಡಿಸಿ ಕಡ್ಡಿಯ ಮನುಷ್ಯನನ್ನು ಬರೆಯುತ್ತದೆ. ಒಂದು ಸೋಮವಾರ ಪೂಜೆ ಮುಗಿಸಿದವನೇ ಮನೆಯ ಅಂಗಳದಲ್ಲಿ ಚುಕ್ಕೆ ಅಂಟಿಸಿಕೊಂಡು ಭತ್ತದ ಚೀಲ ಎತ್ತಿದೆ. ಪರದೆ ನೋಡಿದರೆ ನನ್ನ ತೊಡೆ ಸೀದಾ ಹಣೆಗೆ ಹೋಗಿ ಸೇರಿತ್ತು! ಹಣೆಯ ವಿಭೂತಿಯನ್ನು ಅದು ಮಂಡಿಯ ಚುಕ್ಕೆ ಅಂದುಕೊಂಡಿತ್ತು.

ಹಿಂದೆ ನಿಂತಿದ್ದ ನನ್ನ ಹೆಂಡತಿ ಅಂದಳು: "ನಿಮ್ಮ ಬುದ್ಧಿ ಮಂಡೀಲಿ ಐತಿ ಅಂತ ನಾನಂದ್ರೆ ಸಿಟ್ಟು ಮಾಡ್ತೀರಿ. ಈಗ ಮಿಷಿನ್ನೇ ಹೇಳ್ತಲ್ರೀ!"

ಅವಳ ಮಾತು ಎಷ್ಟು ನಿಜವೆಂದು ಹೊಸಬಾಳೆಗೆ ಹೋದ ಮೇಲೆ ತಿಳಿಯಿತು.

ಮುಲಾಮು

ಕುರ್ಚಿಯಲ್ಲಿ ದೊಡ್ಡಮ್ಮ ಕೂತರು. ನಾನು ನಮೂನೆಯ ಹಾಳೆ ಹಿಡಿದು ಎದುರಿಗೆ ಕೂತೆ. ಗಂಟೆಗೊಮ್ಮೆ ಕೇಳಬೇಕು: ಕತ್ತು ನೋವೇ, ಹೆಗಲು ನೋವೇ, ಮಣಿಕಟ್ಟು ನೋವೇ, ಸ್ವಲ್ಪವೇ, ಜಾಸ್ತಿಯೇ?

ಸಂಜೆಗೆ ದೊಡ್ಡಮ್ಮ ಅಂದರು, "ಬೆನ್ನು ಅಡ್ಡಿಲ್ಲ ಮಾರಾಯ. ಮಂಡೆನೋವು."

ಮಂಡಿ ನೋವು ಎಂದು ಬರೆದುಕೊಂಡೆ. ಬಡಗಿಗೆ ಹೇಳಿ ಕುರ್ಚಿಯ ಕಾಲು ಎರಡು ಬೊಟ್ಟು ಏರಿಸಿದೆ. ಮುಂದಿನ ವಾರ ಮಂಡಿಯದೇ ಹತ್ತು ಪ್ರಶ್ನೆ ಹೆಚ್ಚಿಗೆ ಸೇರಿಸಿಕೊಂಡು ಹೋದೆ. "ಕಾಲು ಮಡಚಕ್ಕೆ ಆಗ್ತದಾ? ಚಾಚಕ್ಕೆ ಆಗ್ತದಾ?" ಸಂಜೆಗೆ ದೊಡ್ಡಮ್ಮ, "ಇವತ್ತು ಇನ್ನೂ ಜೋರು" ಅಂದರು. ಈ ಸಲ ಕಾಲು ನಾಲ್ಕು ಬೊಟ್ಟು ಇಳಿಸಿದೆ. "ಸಾರ್, ಇನ್ನೊಂದು ಸಲ ಕೊಯ್ದರೆ ಇದು ಕುರ್ಚಿಯಲ್ಲ, ಮಣೆ" ಅಂದ ಬಡಗಿ. ಮೇಡಂ ಫೋನಿನಲ್ಲಿ, "ಈ ವಾರವೂ ನೋವಿದ್ದರೆ ಕುರ್ಚಿ ವಾಪಸ್ ತಂದುಬಿಡಿ" ಅಂದರು.

ಅಂದು ಪೂಜೆಯಲ್ಲಿ ಕುರ್ಚಿಗಾಗಿ ಬೇಡಿಕೊಂಡೆ. ದೇವರ ಜೊತೆಗೆ ಇರಲಿ ಎಂದು ಒಂದು ಮುಲಾಮೂ ಕೊಂಡು ಹೋಗಿ, "ದೊಡ್ಡಮ್ಮ, ಮಂಡಿಗೆ ಹಚ್ಕೊಳ್ರಿ" ಎಂದು ಕೊಟ್ಟೆ.

"ಪುಣ್ಯಾತ್ಮ" ಎನ್ನುತ್ತಾ ದೊಡ್ಡಮ್ಮ ಅದನ್ನು ಬೆರಳಿಗೆ ತೆಗೆದು ಹಣೆಗೆ ತಿಕ್ಕತೊಡಗಿದರು.

"ಅಲ್ಲಲ್ಲ, ಮಂಡಿಗ್ರೀ!"

"ಮಂಡೆಗೇ ಹಚ್ತಾ ಇದೀನಲ್ಲ! ನಿಮ್ಮ ಶಿಕಾರಿಪುರದಲ್ಲಿ ಮಂಡೆ ಎಲ್ಲಿರ್ತದೆ?"

ಸುತ್ತ ಸುಲಿಯುತ್ತಿದ್ದವರು ಕತ್ತಿ ನಿಲ್ಲಿಸಿ ನಕ್ಕರು. ಸೊರಬದ ಕಡೆ ತಲೆಗೆ ಮಂಡೆ ಅನ್ನುತ್ತಾರೆಂದು ನಾನು ಅರಿಯದವನಲ್ಲ. ಆದರೆ ಕುರ್ಚಿ ಮಾಡಿದವನ ಕಿವಿಗೆ ಬರೀ ಮಂಡಿಯೇ ಕೇಳಿಸಿತ್ತು. ಮುಖ ಸಣ್ಣದು ಮಾಡಿಕೊಂಡು ಕೇಳಿದೆ: "ಹಂಗಾದ್ರೆ ಕುರ್ಚಿಯಿಂದ ತಲೆನೋವು ಯಾಕೆ ಬರ್ತದೆ ದೊಡ್ಡಮ್ಮ?"

"ಕುರ್ಚಿಯಿಂದ ಅಂತ ಯಾರು ಅಂದ್ರು? ನಿನ್ನಿಂದ! ದಿನವಿಡೀ ಅಲ್ಲಿ ನೋಯ್ತದಾ, ಇಲ್ಲಿ ನೋಯ್ತದಾ ಅಂತ ಕೇಳಿದ್ರೆ ಯಾರ ಮಂಡೆ ಉಳೀತದೆ? ಮೊದ್ಲು ತಂದಾಗ ಕುರ್ಚಿ ಲಾಯಕ್ಕಿತ್ತು. ಹಂಗೇ ಮಾಡಿಸ್ಕೊಂಡು ಬಾ, ಈ ಕೊಯ್ಲು ನಾನೇ ಮುಗಿಸ್ತೇನೆ. ಇವರಿಗೂ ಒಂದೊಂದು ಬೇಕಂತೆ."

ನಾನು ಕೈ ಮುಗಿದು ಹೊರಟೆ. ಹಿಂದಿನಿಂದ ಕೂಗಿದರು:

"ಮಾರಾಯ, ಕುರ್ಚಿ ಎಷ್ಟಾದರೂ ತಾ. ಆ ಹಾಳೆ ಒಂದು ತರಬೇಡ!"